ಉತಾರದಲ್ಲಿ ಇಲ್ಲದ ದಾರಿ

ಸೋಲಾರ್ ಕಂಪನಿಯೊಂದರಲ್ಲಿ ಜಮೀನಿನ ಕೆಲಸ ನೋಡಿಕೊಳ್ಳುತ್ತೇನೆ. ಮನೆ ಹುಬ್ಬಳ್ಳಿಯಲ್ಲಿ, ಓಡಾಟ ಜಾಸ್ತಿ ಗದಗ ಜಿಲ್ಲೆಯಲ್ಲಿ. ಹೊಲ ನೋಡೋದು, ಉತಾರ (ಪಹಣಿ) ತೆಗೆಸೋದು, ಅಣ್ಣತಮ್ಮಂದಿರನ್ನು ಕೂರಿಸಿ ಸಹಿ ಮಾಡಿಸೋದು, ಎನ್ಎಗೆ, ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಾಯಿಸಲು, ಅರ್ಜಿ ಹಾಕೋದು. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಬೇಕು. ಹಾಗಾಗಿ ಹೊಲದ ಲೆಕ್ಕವೇ ನನ್ನ ದಿನದ ಕೆಲಸ.

ಮುಂಡರಗಿ ಕಡೆಯ ಒಂದು ಊರಿನಲ್ಲಿ 22 ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲ ಸಿಕ್ಕಿತು. ಮೂವರು ಅಣ್ಣತಮ್ಮಂದಿರದು, ತಂಟೆ ತಕರಾರು ಇಲ್ಲ. ಸಬ್‌ಸ್ಟೇಷನ್ನೂ ಹತ್ತಿರ. ಎನ್ಎ ಆಯಿತು. ಬೇಲಿ ಕಂಬ ನೆಡಲು ಶುರು ಮಾಡಿ ಮೂರನೇ ದಿನ ಫೋನ್ ಬಂತು: ಜನ ಸೇರಿದ್ದಾರೆ, ಕೆಲಸ ನಿಂತಿದೆ.

ಹೋಗಿ ನೋಡಿದರೆ ಎರಡು ಟ್ರ್ಯಾಕ್ಟರ್, ಐದಾರು ಚಕ್ಕಡಿ ಸಾಲಾಗಿ ನಿಂತಿದ್ದವು. ಹೆಸರುಕಾಯಿ ಬಿಡಿಸುವ ಕಾಲ. ಆಚೆ ಹೊಲದವರಿಗೆಲ್ಲ ಇದೇ ದಾರಿ. ನಾನು ನಕಾಶೆ ತೆಗೆದು ತೋರಿಸಿದೆ, ಅದರಲ್ಲಿ ದಾರಿ ಇರಲಿಲ್ಲ. ಒಬ್ಬ ಅಜ್ಜಾರು ನನ್ನ ಕೈ ಹಿಡಿದು ಹೊಲದ ನಡುವೆ ಕರೆದುಕೊಂಡು ಹೋದರು. ಅಲ್ಲೊಂದು ಹಾಸುಗಲ್ಲು. ಅದರ ಮೇಲೆ ಗಾಲಿ ಉಜ್ಜಿ ಉಜ್ಜಿ ಬೆರಳಿನಷ್ಟು ಆಳದ ಎರಡು ಗೆರೆ ಬಿದ್ದಿದ್ದವು.

"ತಮ್ಮಾ, ನಮ್ಮಪ್ಪನ ಕಾಲದ ಗುರುತಿದು. ನಿಮ್ಮ ನಕಾಶೆದಾಗ ಇಲ್ಲಂದ್ರ ದಾರೀನ ಇಲ್ಲೇನು?"

ನನಗೆ ಉತ್ತರ ಹೊಳೆಯಲಿಲ್ಲ. ಆ ಹೊಲಕ್ಕೆ ನಾನು ನಾಲ್ಕು ಸಲ ಹೋಗಿದ್ದೆ. ನಾಲ್ಕೂ ಸಲ ಬೇಸಿಗೆಯಲ್ಲಿ, ಮಾಲೀಕರ ಜೊತೆ, ಕಾರಿನಲ್ಲಿ.

ಹುಬ್ಬಳ್ಳಿ-ಧಾರವಾಡದ ಸುತ್ತ ಆದರೆ ಮಾಸ್ಟರ್ ಪ್ಲಾನ್ ಇದೆ. ಯಾವ ಜಾಗ ಯಾವ ವಲಯ ಅಂತ ಮೊದಲೇ ಗೊತ್ತಾಗುತ್ತದೆ, ಜಗಳ ಆಗೋದಿದ್ದರೆ ಆಫೀಸಿನಲ್ಲೇ ಆಗುತ್ತದೆ. ದೂರದ ಹಳ್ಳಿಗಳಲ್ಲಿ ಹಾಗಲ್ಲ. ಅಲ್ಲಿ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಎನ್ಎ ಆದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಎನ್ಎ ನೋಡುವುದು ಮಾಲೀಕರ ಕಾಗದವನ್ನು. ದಿನಾ ಆ ಹೊಲ ದಾಟುವವರು, ಅಲ್ಲಿ ಕುರಿ ಮೇಯಿಸುವವರು, ಮೇಲಿನ ಮಳೆನೀರು ಯಾರ ಹೊಲಕ್ಕೆ ಇಳಿಯುತ್ತದೋ ಅವರು, ಇವರ ಹೆಸರು ಯಾವ ಕಾಲಂನಲ್ಲೂ ಬರಲ್ಲ. ದಾರಿಯ ವಿಷಯದಲ್ಲಂತೂ ಕಾನೂನೂ ಅವರ ಕಡೆಗೇ ಇತ್ತು. 20 ವರ್ಷ ಯಾರ ತಡೆಯೂ ಇಲ್ಲದೆ ಹಕ್ಕಿನಿಂದ ಓಡಾಡಿದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ರಕ್ಷಣೆ ಇದೆ. ಇದನ್ನು ನಾನು ಮೊದಲೇ ಓದಿಕೊಂಡಿರಬೇಕಿತ್ತು.

ಕೋರ್ಟಿಗೆ ಹೋಗಲಿಲ್ಲ. ಬೇಲಿ ಹಿಂದೆ ಸರಿಸಿ 15 ಅಡಿ ದಾರಿ ಬಿಟ್ಟೆವು. ಸುಮಾರು 15 ಗುಂಟೆ ಹೋಯಿತು, ಪ್ಯಾನೆಲ್ ಸಾಲುಗಳ ಡಿಸೈನ್ ಮತ್ತೆ ಮಾಡಬೇಕಾಯಿತು. ಆರು ವಾರ ತಡ.

ದಾರಿಯ ಜಗಳ ಹೀಗೆ ಮುಗಿಯಿತು. ಇನ್ನೊಂದು ವಿಷಯ ಹಾಗೆ ಮುಗಿಯಲಿಲ್ಲ. ಆ ಹೊಲವನ್ನು 11 ವರ್ಷದಿಂದ ಬೇರೆ ಒಬ್ಬರು ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುತ್ತಿದ್ದರು. ಎಲ್ಲ ಬಾಯಿಮಾತಿನ ಮೇಲೆ, ಒಂದು ಚೀಟಿಯೂ ಇಲ್ಲ. ಮಾಲೀಕರಿಗೆ ವರ್ಷ ವರ್ಷ ಬಾಡಿಗೆ ಬರುತ್ತದೆ, ಇವರಿಗೆ ಹೊಲವೇ ಹೋಯಿತು. ತುಮಕೂರು ಜಿಲ್ಲೆಯ ಪಾವಗಡದಲ್ಲೂ ಇದೇ ಮಾತು ಕೇಳಿದ್ದೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಗೆ ಬಾಡಿಗೆ ಶುರುವಾಯಿತು. ಭೂಮಿ ಇಲ್ಲದ ಕೂಲಿಯವರಿಗೆ ಮಾತ್ರ ಹೊಲದ ಕೆಲಸ ತಪ್ಪಿತು. ಗೊತ್ತಿದ್ದೂ ನಮ್ಮ ಊರಿನಲ್ಲಿ ನಾನು ಅದನ್ನು ಕೇಳಲಿಲ್ಲ, ಅದೇ ನನಗೆ ನೋವು.

ಈಗ ಉತಾರ ತೆಗೆಸುವ ಮೊದಲೇ ನಡೆದುಕೊಂಡು ಹೋಗುತ್ತೇನೆ. ಒಂದು ಸಲ ಮಳೆ ಬಿದ್ದ ಮರುದಿನ, ಒಂದು ಸಲ ಸುಗ್ಗಿಯಲ್ಲಿ. ಮಾಲೀಕರಿಗಿಂತ ಮೊದಲು ಕುರಿಗಾರರನ್ನು, ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ಮಾತಾಡಿಸುತ್ತೇನೆ. "ಈ ಹೊಲ ಮಾಡೋರು ಯಾರು?" ಅಂತ ಕೇಳುತ್ತೇನೆ, "ಯಾರದು?" ಅಂತಲ್ಲ.

ಲಾವಣಿ ಮಾಡುತ್ತಿದ್ದ ಅವರಿಗೆ ಪ್ಲಾಂಟಿನಲ್ಲಿ ಹುಲ್ಲು ಕೊಯ್ಯುವ, ಪ್ಯಾನೆಲ್ ತೊಳೆಯುವ ಕೆಲಸ ಕೊಡಿಸಿದೆ. ಸಂಬಳ ತಿಂಗಳು ತಿಂಗಳು ಬರುತ್ತದೆ. ಆದರೂ ಮುಂಗಾರು ಹತ್ತಿರ ಬಂದಾಗ, "ಎಲ್ಲೆರ ಒಂದ್ ನಾಕ್ ಎಕರೆ ಲಾವಣಿಗೆ ಸಿಗ್ತೇನು ನೋಡ್ರಿ ಸಾಹೇಬ್ರ" ಅಂತಾರೆ. ಹೋದ ಊರಲ್ಲೆಲ್ಲ ವಿಚಾರಿಸುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ.