ಕೆಗ್‌ಗೆ ಹೀಟರ್ ಹಾಕಿದ್ದು: ಒಂದೂವರೆ ಮಿಲಿಮೀಟರ್ ಸಂದಿನ ಕಾಟ

ಮೊದಲ ಶನಿವಾರ

ಬಿಯರ್‌ಗೆ ಮಾಲ್ಟ್ ರಸ ಕುದಿಸುವ ಗ್ಯಾಸ್ ಬರ್ನರ್ ಸಾಕುಸಾಕಾಗಿತ್ತು. ಸದ್ದು ಜಾಸ್ತಿ, ಉರಿ ಪಾತ್ರೆಯ ಬದಿಯಿಂದ ಸುಮ್ನೆ ಮೇಲೆ ಹೋಗುತ್ತದೆ, ಗಾಳಿ ಬೀಸಿದರೆ ಆರುತ್ತದೆ. ಅದಕ್ಕೇ 50 ಲೀಟರ್‌ನ ಹಳೇ ಸ್ಟೇನ್‌ಲೆಸ್ ಸ್ಟೀಲ್ ಬಿಯರ್ ಕೆಗ್‌ಗೆ, ಅಂದರೆ ಬಿಯರ್ ತುಂಬುವ ಪೀಪಾಯಿಗೆ, 3 ಕಿಲೋವ್ಯಾಟ್ ಹೀಟರ್ ಎಲಿಮೆಂಟ್ ಕೂರಿಸೋಣ ಅಂತ ಹೊರಟೆ. ಕೆಗ್ ನಾನೇ ಕೊಂಡದ್ದು. ಡಿಪಾಸಿಟ್ ಕೊಟ್ಟು ತಂದ ಕೆಗ್ ಬ್ರೂವರಿಯದ್ದೇ ಆಗಿರುತ್ತದೆ, ಅದಕ್ಕೆ ತೂತು ಕೊರೆಯುವ ಹಾಗಿಲ್ಲ.

ಮೊದಲು ವಾಲ್ವ್ ಒತ್ತಿ ಒಳಗಿನ ಗ್ಯಾಸನ್ನು ಪೂರ್ತಿ ಬಿಟ್ಟೆ. ಕೆಗ್ ಖಾಲಿ ಅನ್ನಿಸಿದರೂ ಒಳಗೆ ಒತ್ತಡ ಉಳಿದಿರುತ್ತದೆ. ಹಾಗೇ ವಾಲ್ವ್ ಹಿಡಿದಿರುವ ರಿಂಗ್ ಬಿಚ್ಚಿದರೆ ನಡುವಿನ ಕೊಳವೆ ಮುಖಕ್ಕೇ ಹಾರಬಹುದು. ಆಮೇಲೆ ಗ್ರೈಂಡರ್‌ನಲ್ಲಿ ಮೇಲ್ಭಾಗ ಕತ್ತರಿಸಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ, ಕಿವಿ ಇನ್ನೂ ಗುಂಯ್ ಅನ್ನುತ್ತಿದೆ ಅಷ್ಟೇ.

ಎಲಿಮೆಂಟ್ ಆರಿಸುವಾಗ ವ್ಯಾಟ್ ಒಂದನ್ನೇ ನೋಡಿದರೆ ಸಾಲದು. ನನ್ನ ಹತ್ತಿರ ಮೊದಲೇ ಒಂದು ಗಿಡ್ಡ ಎಲಿಮೆಂಟ್ ಇತ್ತು: 8 ಮಿ.ಮೀ. ದಪ್ಪದ ಕೊಳವೆ, ಬಿಡಿಸಿದರೆ 55 ಸೆಂ.ಮೀ. ಉದ್ದ. 3000 ವ್ಯಾಟನ್ನು ಅದರ ಮೈಗೆ ಹಂಚಿದರೆ ಚದರ ಸೆಂಟಿಮೀಟರಿಗೆ ಸುಮಾರು 22 ವ್ಯಾಟ್. ಬರೀ ನೀರಿಗಾದರೆ ನಡೆಯುತ್ತದೆ. ಮಾಲ್ಟ್‌ನ ಸಿಹಿ ರಸ ಅದರ ಮೇಲೆ ಹತ್ತಿಕೊಂಡು ಸೀದುಹೋಗುತ್ತದೆ. ಹೊಸದು ಅದೇ ದಪ್ಪದ್ದು, ಆದರೆ ಒಂದೂವರೆ ಮೀಟರ್ ಕೊಳವೆಯನ್ನು ಅಲೆಅಲೆಯಾಗಿ ಮಡಿಸಿದ್ದಾರೆ. ಲೆಕ್ಕ 8 ವ್ಯಾಟ್‌ಗೆ ಇಳಿಯಿತು. ಮಡಿಸಿದ ಉದ್ದ 32 ಸೆಂ.ಮೀ., ಕೆಗ್‌ನ ಅಗಲ 40. ಸರಿಯಾಗಿ ಕೂರುತ್ತದೆ.

ಭಾನುವಾರ

ತೂತು. ಒಂದು ಇಂಚಿನ ಪೈಪ್ ಥ್ರೆಡ್ ಅಂದರೂ ಅದರ ಹೊರ ಅಳತೆ 33 ಮಿ.ಮೀ. ದಾಟುತ್ತದೆ. ಹೆಸರು ನೋಡಿ 25ಕ್ಕೆ ಗುರುತು ಹಾಕಿದವರೂ ಇದ್ದಾರೆ, ನಾನೂ ಒಬ್ಬ, ಪುಣ್ಯಕ್ಕೆ ಪೆನ್ಸಿಲ್‌ನಲ್ಲಿ.

ಸ್ಟೇನ್‌ಲೆಸ್ ಸ್ಟೀಲಿಗೆ ಒಂದು ಹಠವಿದೆ. ಬಿಟ್ ಕಚ್ಚದೆ ಸುಮ್ಮನೆ ಉಜ್ಜಿದರೆ ಆ ಜಾಗ ಇನ್ನೂ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಬಿಟ್ ಮೊಂಡಾಗುವುದೇ ಹೊರತು ತೂತು ಬೀಳುವುದಿಲ್ಲ. ಹಾಗಾಗಿ ವೇಗ ಕಡಿಮೆ, ಒತ್ತಡ ಜಾಸ್ತಿ, ಕಟಿಂಗ್ ಆಯಿಲ್ ಧಾರಾಳ. ಮೊದಲು 4 ಮಿ.ಮೀ. ಕೋಬಾಲ್ಟ್ ಬಿಟ್, ನಂತರ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಡ್ರಿಲ್. ಕೊನೆಯ ಮೆಟ್ಟಿಲುಗಳಲ್ಲಿ ನಿಮಿಷಕ್ಕೆ 150 ಸುತ್ತು ದಾಟದ ಹಾಗೆ ನೋಡಿಕೊಂಡೆ. ಉದ್ದನೆಯ ಸುರುಳಿ ಚೂರು ಬರುತ್ತಿದ್ದರೆ ಎಲ್ಲ ಸರಿ. ಪುಡಿ ಬಂದು ಹೊಗೆ ಎದ್ದರೆ ನಿಲ್ಲಿಸಬೇಕು. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದೆ.

ತೂತಿಗೆ ತೂರಿಸಿದ ಎಲಿಮೆಂಟನ್ನು ಹಿಡಿದಿಡುವ ಲಾಕ್‌ನಟ್ ಎರಡೂವರೆ ಸುತ್ತು ಸಲೀಸಾಗಿ ಹೋಗಿ ಗಕ್ಕನೆ ನಿಂತಿತು. ಸ್ಪ್ಯಾನರ್ ತೆಗೆದುಕೊಳ್ಳುವ ಮುಂಚೆ ಬುದ್ಧಿ ಬಂತು. ಎಲಿಮೆಂಟ್‌ದು ಇಂಚಿಗೆ 11.5 ಥ್ರೆಡ್. ನಾನು ತಂದ ನಟ್ ಬಿಎಸ್‌ಪಿ (ಬ್ರಿಟಿಷ್ ಅಳತೆಯ ಪೈಪ್ ಥ್ರೆಡ್), ಇಂಚಿಗೆ 11. ನೋಡಲು ಅವಳಿ, ಹೊಂದುವುದಿಲ್ಲ. ಒತ್ತಾಯ ಮಾಡಿದ್ದರೆ ಎರಡೂ ಹಾಳು.

ಮುಂದಿನ ಶನಿವಾರ

ಸರಿಯಾದ ನಟ್ ಬಂತು. 3 ಮಿ.ಮೀ. ಸಿಲಿಕಾನ್ ವಾಷರ್ ಹಾಕಿ ಬಿಗಿದೆ, ನೀರು ತುಂಬಿದೆ. ಒಂದು ಗಂಟೆ ಒಂದು ಹನಿಯೂ ಇಲ್ಲ. ಹೆಮ್ಮೆಯಿಂದ ಪರೀಕ್ಷೆಗೆ ಅಂತ ಬಿಸಿನೀರು ಸುರಿದೆ. ಸ್ವಲ್ಪ ಹೊತ್ತಿಗೆ ಟಪ್, ಟಪ್. ಇನ್ನಷ್ಟು ಬಿಗಿದೆ, ವಾಷರ್ ಪಕ್ಕಕ್ಕೆ ಪಿತುಕಿಕೊಂಡು ಹೊರಬಂತು.

ಸೋರುತ್ತಿದ್ದದ್ದು ಎಡ ಬಲಗಳಲ್ಲಿ ಮಾತ್ರ. ಮೇಲೆ ಕೆಳಗೆ ಒಣ. ಇದನ್ನು ಗಮನಿಸಿದ ಮೇಲೆ ವಿಷಯ ಹೊಳೆಯಿತು. ಕೆಗ್ ದುಂಡಗಿದೆ, ಎಲಿಮೆಂಟ್‌ನ ತಲೆ ಚಪ್ಪಟೆ. ಅದು ನೆಟ್ಟಗೆ ಒಂದು ಗೆರೆಯ ಮೇಲಷ್ಟೇ ಕೂರುತ್ತದೆ, ಎರಡು ಪಕ್ಕ ಗಾಳಿಯಲ್ಲಿರುತ್ತದೆ. 40 ಸೆಂ.ಮೀ. ಅಗಲದ ಕೆಗ್ ಮೇಲೆ 50 ಮಿ.ಮೀ. ವಾಷರ್ ಇಟ್ಟರೆ ಅಂಚಿನಲ್ಲಿ ಸಂದು ಒಂದೂವರೆ ಮಿ.ಮೀ. ಅಂದರೆ ವಾಷರ್ ನಡುವೆ ಅಪ್ಪಚ್ಚಿ, ಪಕ್ಕದಲ್ಲಿ ಸಡಿಲ. ಎಷ್ಟು ಬಿಗಿದರೇನು?

ವೆಲ್ಡ್ ಮಾಡಿಸುವುದೇ ಇದಕ್ಕೆ ಅಚ್ಚುಕಟ್ಟಾದ ದಾರಿ, ಒಪ್ಪುತ್ತೇನೆ. ನನ್ನ ಹತ್ತಿರ ಮಷೀನ್ ಇಲ್ಲ. ಒಳಗೊಂದು ಹೊರಗೊಂದು ದಪ್ಪ ಉಕ್ಕಿನ ಬಿಲ್ಲೆ ಇಟ್ಟು, ನಡುವೆ ದಪ್ಪ ಬೋಲ್ಟ್ ಹಾಕಿ ಬಿಗಿಯುತ್ತಾ ಹೋದೆ. ಕೆಗ್‌ನ ಗೋಡೆ ಕಿರ್ ಅಂತ ಬಗ್ಗಿ, ತೂತಿನ ಸುತ್ತ ಚಪ್ಪಟೆಯಾಯಿತು. ಬಿಚ್ಚಿದಾಗ ಒಂಚೂರು ಹಿಂದಕ್ಕೆ ಚಿಮ್ಮಿತು, ಆದರೆ ಸ್ಕೇಲ್ ಇಟ್ಟು ನೋಡಿದರೆ ಬೆಳಕು ನುಸುಳುವಷ್ಟೇ ಸಂದು. ವಾಷರ್ ಬದಲು ದಪ್ಪ ಸಿಲಿಕಾನ್ ಓ-ರಿಂಗ್ ಹಾಕಿದೆ. ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು, ಅಷ್ಟೇ. ಹೊಸದಾಗಿ ಕುದಿಸಿದ ನೀರು ಸುರಿದು ಕಾದೆ. ಹನಿ ಇಲ್ಲ.

ಭಾನುವಾರ, ವೈರಿಂಗ್

ಎರಡು ತುದಿಗಳ ನಡುವೆ ಮಲ್ಟಿಮೀಟರ್ 17.7 ಓಮ್ ತೋರಿಸಿತು. 230 ವೋಲ್ಟ್‌ಗೆ 3 ಕಿಲೋವ್ಯಾಟ್, 13 ಆಂಪ್, ಲೆಕ್ಕ ಸರಿ. ಆದರೆ ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಲ್ಲಿ ತುದಿಗೂ ಲೋಹದ ಮೈಗೂ ನಡುವೆ 0.3 ಮೆಗಾಓಮ್ ಮಾತ್ರ. ಇದರಿಂದ ಸೋರುವ ಕರೆಂಟ್ ಒಂದು ಮಿಲಿಆಂಪ್ ಕೂಡ ಆಗದು, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಡಿ ಸ್ವಿಚ್ ಬೀಳುವುದಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಕೊಳವೆಯೊಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ಗಾಳಿಯ ತೇವ ಹೀರುತ್ತದೆ. ರಬ್ಬರ್, ಪ್ಲಾಸ್ಟಿಕ್ ಎಲ್ಲ ತೆಗೆದು ಓವನ್‌ನಲ್ಲಿ 120 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟೆ. ಓವನ್ ಬೇಕಿದ್ದವರ ಮುಖ ನೋಡಲಿಲ್ಲ. ಆಮೇಲೆ 100 ಮೆಗಾಓಮ್‌ಗೂ ಮೇಲೆ.

ಅರ್ಥಿಂಗ್ ವೈರನ್ನು ಎಲಿಮೆಂಟ್ ಹಿಂದಿನ ಡಬ್ಬಿಗೆ ಮಾತ್ರ ಕೊಟ್ಟು ಬಿಡುವವರನ್ನು ನೋಡಿದ್ದೇನೆ. ಓ-ರಿಂಗ್ ಮೇಲೆ ಕೂತ ಡಬ್ಬಿಗೂ ಕೆಗ್‌ಗೂ ಲೋಹ ಸರಿಯಾಗಿ ತಾಗುತ್ತದೆ ಅಂತ ನಂಬುವುದು ಹೇಗೆ? ನಾನು ಕೆಗ್‌ಗೇ ಬೇರೆಯಾಗಿ ಕೊಟ್ಟೆ. ಕೆಳಗಿನ ಸುತ್ತುಪಟ್ಟಿಯಲ್ಲಿ ನೀರು ನಿಲ್ಲುವುದಿಲ್ಲ, ಅಲ್ಲಿ ತೂತು ಮಾಡಿದರೆ ಸೋರುವ ಮಾತೇ ಇಲ್ಲ. ಅಲ್ಲಿಗೆ ಒಂದು ಬೋಲ್ಟ್, ಹಲ್ಲಿನ ವಾಷರ್, ವೈರ್ ತುದಿಗೆ ರಿಂಗ್ ಲಗ್. ಬಾಕಿ ಎಲ್ಲ ಮಾಮೂಲಿ: 2.5 ಚದರ ಮಿ.ಮೀ. ತಾಮ್ರದ ಕೇಬಲ್, ಎಳೆದರೆ ಕಳಚದ ಗ್ಲ್ಯಾಂಡ್, ತುದಿಗಳಿಗೆ ಮುಚ್ಚಳ. ಗೋಡೆಯ ಕಡೆಯ ಸಂಪರ್ಕವನ್ನು ಎಲೆಕ್ಟ್ರಿಷಿಯನ್ ಮಾಡಿಕೊಟ್ಟರು.

ಅದೇ ಸಂಜೆ

40 ಲೀಟರ್ ನೀರು, 25 ಡಿಗ್ರಿ. ಲೆಕ್ಕದ ಪ್ರಕಾರ 70 ನಿಮಿಷಕ್ಕೆ ಕುದಿಯಬೇಕು. ಕುದಿದದ್ದು 84ಕ್ಕೆ. 14 ನಿಮಿಷ ಎಲ್ಲಿ ಹೋಯಿತು? ಲೋಡ್ ಬಿದ್ದಾಗ ವೋಲ್ಟೇಜ್ 222ಕ್ಕೆ ಇಳಿದಿತ್ತು, ಆಗ ಶಕ್ತಿ 2800 ವ್ಯಾಟ್‌ಗೂ ಒಂಚೂರು ಕಡಿಮೆ. ಅದಕ್ಕೆ ಐದು ನಿಮಿಷ. ಹತ್ತು ಕಿಲೋ ಉಕ್ಕು ಬಿಸಿಯಾಗಲು ಎರಡು. ಉಳಿದ ಏಳು ನಿಮಿಷದ ಶಾಖ ಬರಿಮೈಯಿಂದ ಗಾಳಿಗೆ. ಮುಚ್ಚಳ ತೆಗೆದ ಮೇಲೆ ಗಂಟೆಗೆ ಮೂರೂವರೆ ಲೀಟರ್ ಆವಿಯಾಗುತ್ತಿದೆ, ನನಗೆ ಇಷ್ಟು ಸಾಕು.

12 ಲೀಟರ್ ಮಟ್ಟಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಅದಕ್ಕಿಂತ ಕೆಳಗೆ ಎಲಿಮೆಂಟ್ ನೀರಿನಿಂದ ಹೊರಗೆ ಬರುತ್ತದೆ, ಬಂದರೆ ಸುಟ್ಟುಹೋಗುತ್ತದೆ. ಹೊರಗಿನ ಹೊದಿಕೆ ಇನ್ನೂ ಬಾಕಿ. ಎಲಿಮೆಂಟ್‌ನ ಬುಡದಲ್ಲಿ ಉಗುರಿನಷ್ಟು ತುಕ್ಕು ಆಗಲೇ ಕಾಣುತ್ತಿದೆ. ಅದು ಸ್ಟೇನ್‌ಲೆಸ್ ಅಲ್ಲ, ಮಾಮೂಲಿ ಉಕ್ಕು. ಮುಂದಿನ ವಾರ ಬಿಚ್ಚಿ ನೋಡಬೇಕು.