ಎರೆ ರಾಡಿಗೆ ಓಮ್ನಿ ಟೈರು: ಈ ಮಳೆಗಾಲದ ಲೆಕ್ಕ

ಮೇ 25

ಕಳೆದ ವರ್ಷ ಆರಿದ್ರಾ ಮಳೆಯಲ್ಲಿ ನನ್ನ ಮಾರುತಿ ಓಮ್ನಿ ವ್ಯಾನ್ ಹೊಲದ ದಾರಿಯಲ್ಲಿ ಹೂತು ನಿಂತಿತ್ತು. ಕೊನೆಗೆ ಪಕ್ಕದ ಹೊಲದವರ ಜೋಡೆತ್ತು ಕಟ್ಟಿ ಎಳೆಸಿದ್ದಾಯಿತು. ಅಲ್ಲಿನವರು ಇವತ್ತಿಗೂ ನನ್ನನ್ನು ಕಂಡರೆ ‘ಈ ಸಲ ಎತ್ತು ಎಷ್ಟೊತ್ತಿಗೆ ಕಳಸೂಣ್ರಿ?’ ಅಂತಾರೆ. ಹಾಗಾಗಿ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಮೊದಲೇ ಟೈರಿನ ಕೆಲಸ ಹಚ್ಚಿಕೊಂಡಿದ್ದೇನೆ.

ಮನೆ ಹುಬ್ಬಳ್ಳಿಯಲ್ಲಿ, ಹೊಲ ಅಣ್ಣಿಗೇರಿಯ ಆಚೆ. ಗದಗ ರಸ್ತೆಯಲ್ಲಿ 35 ಕಿಲೋಮೀಟರಿಗೂ ಜಾಸ್ತಿ ಗಟ್ಟಿ ರಸ್ತೆ. ಕೊನೆಯ ಎರಡು ಕಿಲೋಮೀಟರ್ ಎರೆ ಮಣ್ಣಿನ ಬಂಡಿ ದಾರಿ. ನಡುವೆ ಒಂದು ಸಣ್ಣ ಹಳ್ಳ. ಹಳ್ಳ ಇಳಿದ ಮೇಲೆ ಹತ್ತುವ ಏರು ಇದೆಯಲ್ಲ, ಅದೇ ನನ್ನ ಪರೀಕ್ಷೆಯ ಜಾಗ. ನಿಲ್ಲದೆ ಹತ್ತಿದರೆ ಪಾಸು.

ಇವತ್ತು ಹಳೇ ಟೈರುಗಳನ್ನು ತೊಳೆದು ನೋಡಿದೆ. ಬದಿಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ನನ್ನವು 1117. ಅಂದರೆ 2017ರ 11ನೇ ವಾರದಲ್ಲಿ ತಯಾರಾದವು. ಗೆರೆಯ ಆಳ 3 ಮಿಮೀ ಉಳಿದಿದೆ. ಕಾಯ್ದೆ ಪ್ರಕಾರ 1.6 ಮಿಮೀ ತನಕ ಓಡಿಸಬಹುದು, ಗೆರೆಯೊಳಗೆ ಅಲ್ಲಲ್ಲಿ ಉಬ್ಬಿರುವ ಪಟ್ಟಿ ಅದರ ಗುರುತು. ಆದರೆ ಬದಿಯಲ್ಲೆಲ್ಲ ಬಿರುಕು, ಬೇಸಿಗೆಯ ಎರೆ ಹೊಲದ ಹಾಗೆ. ನಾಲ್ಕನ್ನೂ ತೆಗೆಯಲೇಬೇಕು.

ಜೂನ್ 1

ಅಕ್ಕನ ಮಗ ಮಾಂಟ್ರಿಯಲ್‌ನಲ್ಲಿದ್ದಾನೆ, ಮಿನಿವ್ಯಾನ್ ಇಟ್ಟಿದ್ದಾನೆ. ಟೈರಿನ ಮಾತು ತೆಗೆದದ್ದೇ ತಡ, ಒಂದು ತಾಸು ಫೋನ್ ಇಡಲಿಲ್ಲ. ಅವರ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಚಳಿಗಾಲದ ಟೈರು ಹಾಕಲೇಬೇಕು. ಸುಮ್ನೆ ಬುದ್ಧಿಮಾತಲ್ಲ, ಕಾಯ್ದೆ. ಮೂರು ಶಿಖರದ ಬೆಟ್ಟದೊಳಗೆ ಒಂದು ಹಿಮದ ಹರಳು, ಆ ಗುರುತು ನೋಡಿ ಕೊಳ್ಳಬೇಕಂತೆ. ಬರೀ ‘ಎಂ ಪ್ಲಸ್ ಎಸ್’ ಅಂತ ಇದ್ದರೆ ನಂಬಬಾರದು. ಅದು ರಾಡಿಗೂ ಹಿಮಕ್ಕೂ ಆಗುತ್ತದೆ ಅಂತ ಕಂಪನಿಯೇ ಹೇಳಿಕೊಂಡದ್ದು, ಹಿಮದಲ್ಲಿ ಓಡಿಸಿ ಪಾಸಾದದ್ದಲ್ಲ.

‘ಮಾಮಾ, ಹಾಕಿದ್ರ ನಾಲ್ಕಕ್ಕೂ ಹಾಕ್ರಿ, ಎರಡಕ್ಕ ಹಾಕಬ್ಯಾಡ್ರಿ’ ಅಂದ. ಅವನ ವ್ಯಾನನ್ನು ಎಳೆಯುವುದು ಮುಂದಿನ ಗಾಲಿ. ಮುಂದೆ ಮಾತ್ರ ಹಿಮದ ಟೈರು ಹಾಕಿದರೆ, ಬ್ರೇಕ್ ಒತ್ತಿದಾಗ ಹಿಂಭಾಗ ಜಾರಿ ಗಾಡಿ ತಿರುಗಿಬಿಡುತ್ತದಂತೆ.

ಅವನ ಮಾತು ಕೇಳುತ್ತಿದ್ದಾಗಲೇ ನನ್ನ ಸಮಸ್ಯೆ ಏನು ಅಂತ ಸ್ಪಷ್ಟವಾಯಿತು. ಚಳಿಗಾಲದ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೂ ಮೆತ್ತಗೆ ಇರುತ್ತದೆ. ನಮ್ಮ ಜನವರಿ ಮುಂಜಾನೆಯ ಚಳಿಯೂ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ. ಏಪ್ರಿಲ್ ಬಿಸಿಲಲ್ಲಿ ಆ ಟೈರು ಹುಬ್ಬಳ್ಳಿಯಲ್ಲಿ ಓಡಿದರೆ ಪೆನ್ಸಿಲ್ ರಬ್ಬರಿನ ಹಾಗೆ ಸವೆದುಹೋಗುತ್ತದೆ. ಆ ಮಾತು ಬಿಡಿ. ಮಜಾ ಇರುವುದು ಅದರ ಮೈಮೇಲಿನ ಗೆರೆಯಲ್ಲಿ. ಬ್ಲೇಡಿನಿಂದ ಸೀಳಿದ ಹಾಗೆ ತುಂಬ ಸಣ್ಣ ಸೀಳುಗಳು. ಹಿಮ ಟೈರಿನ ಸಂದಿಗಳಲ್ಲಿ ತುಂಬಿಕೊಂಡರೆ ಒಳ್ಳೆಯದೇ, ಏಕೆಂದರೆ ಹಿಮ ಹಿಮವನ್ನು ಹಿಡಿಯುತ್ತದೆ.

ನಮ್ಮ ಎರೆ ಮಣ್ಣು ತದ್ವಿರುದ್ಧ. ಅದು ರಬ್ಬರಿಗೆ ಅಂಟುತ್ತದೆ, ತನ್ನ ಮೇಲೆ ತಾನೇ ಜಾರುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಯಲ್ಲಿ ಅಂಟು ಹಿಟ್ಟು. ಟೈರು ಹೊಸದಿರಲಿ ಹಳೆಯದಿರಲಿ, ನಾಲ್ಕು ಸುತ್ತು ತಿರುಗಿದರೆ ಸಂದಿ ಮುಚ್ಚಿ ಬೋಳು. ಅಳಿಯನಿಗೆ ಹಿಡಿದಿಟ್ಟುಕೊಳ್ಳುವ ಟೈರು ಬೇಕು, ನನಗೆ ಒದರಿ ಹಾಕುವ ಟೈರು ಬೇಕು.

ಜೂನ್ 5

ಟೈರ್ ಅಂಗಡಿ ಸುತ್ತಿದ್ದಾಯಿತು. ಓಮ್ನಿ 2019ರಲ್ಲೇ ತಯಾರಿಕೆ ನಿಂತ ಗಾಡಿ, ಟೈರು ಸಿಗುತ್ತದೋ ಇಲ್ಲವೋ ಅನ್ನುವ ಭಯ ಇತ್ತು. ಸುಳ್ಳು ಭಯ. ಓಮ್ನಿಯ ಅಳತೆ 145 ಆರ್ 12 ಎಲ್‌ಟಿ. ಟಾಟಾ ಏಸ್‌ಗೂ ಅದೇ ಅಳತೆ ಬರುತ್ತದೆ. ಅಂದಮೇಲೆ ಹಿಂದಿನ ಗಾಲಿಗೆ ಅಂತ ಮಾಡಿದ, ಅಂಚಿನಲ್ಲಿ ದಪ್ಪ ಬಟನ್ (ರಬ್ಬರಿನ ಉಬ್ಬು ಗಟ್ಟಿಗಳು) ಇರುವ ಸರಕು ಗಾಡಿಯ ಟೈರೂ ನನಗೆ ಕೂಡುತ್ತದೆ. ಇದು ಮೊದಲೇ ಹೊಳೆಯಬೇಕಿತ್ತು.

ಒಬ್ಬ ಅಂಗಡಿಯವ ‘ಅಗಲಂದು ಹಾಕ್ರಿ, ಹಿಡಿತ ಭಾಳ ಬರ್ತೈತಿ’ ಅಂದ. ಬೇಡ ಅಂದೆ. ಮೇಲಿನ ಎರಡು ಇಂಚು ಮಾತ್ರ ನೆನೆದಿದ್ದರೆ ಸಪೂರ ಟೈರು ರಾಡಿ ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲದ್ದು ಮೇಲೆಯೇ ತೇಲುತ್ತದೆ. ಹಿಮದಲ್ಲೂ ಹೀಗೇ, ಅದಕ್ಕೇ ಅಲ್ಲಿ ಸ್ವಲ್ಪ ಸಪೂರದ್ದನ್ನೇ ಆರಿಸುವವರು ಇದ್ದಾರೆ. ಅದೇ ಅಂಗಡಿಯವ ಹೊಸದು ಅಂತ ತಂದಿಟ್ಟ ಟೈರಿನ ಅಂಕಿ ನೋಡಿದರೆ ಮೂರು ವರ್ಷ ಹಳೇದು! ಹೇಳಿದರೆ ಮುಖ ಗಂಟು ಹಾಕಿಕೊಂಡ. ಬೇರೆ ಕಡೆ ಕೊಂಡೆ. ಹಿಂದಕ್ಕೆ ಬಟನ್‌ನವು ಎರಡು, ಮುಂದಕ್ಕೆ ಉದ್ದ ಗೆರೆಯವು ಎರಡು. ಒಂದೇ ಅಚ್ಚಿಗೆ ಎರಡು ಥರ ಹಾಕಬಾರದು, ಅದಷ್ಟು ನೆನಪಿರಲಿ.

ಜೂನ್ 10

ಹೊಸವು ಮನೆಯಲ್ಲಿ ಕೂತಿವೆ. ಮಿರಗದ ಮೊದಲ ಮಳೆ ಬಿತ್ತು, ಹಳೇ ಟೈರಲ್ಲೇ ಹೋದೆ. ಹೆಂಡತಿ ‘ಹುಚ್ಚು ಹಿಡದೈತಿ’ ಅಂದಳು. ಆದರೆ ಹಳೇದು ಎಷ್ಟು ಹತ್ತಿತು ಅಂತ ಗೊತ್ತಿಲ್ಲದೆ ಹೊಸದರ ಬೆಲೆ ಹೇಗೆ ತಿಳಿಯಬೇಕು? ಏರಿನ ಅರ್ಧಕ್ಕೆ ನಿಂತಿತು. ಹಿಂದಿನ ಗಾಲಿ ಗಿರಗಿರ. ಹಿಂದಕ್ಕೆ ಇಳಿಸಿ, ಹಳ್ಳದ ಬದಿ ಗಾಡಿ ಬಿಟ್ಟು ನಡೆದೆ.

ಜೂನ್ 13

ಬಿತ್ತನೆಗೆ ಗೊಬ್ಬರ ಒಯ್ಯಬೇಕಿತ್ತು. 50 ಕೆಜಿಯ ಎರಡು ಡಿಎಪಿ ಚೀಲ, ಹಿಂದಿನ ಗಾಲಿಯ ನೇರಕ್ಕೆ. ಹೆಸರಿನ ಬೀಜ ಬೇರೆ. ಟೈರು ಅವೇ ಹಳೇವು, ರಾಡಿ ಹೆಚ್ಚುಕಮ್ಮಿ ಅಷ್ಟೇ. ಗಾಡಿ ಎರಡು ಸಲ ಸೊಂಟ ಅಲ್ಲಾಡಿಸಿ, ಮೇಲೆ ಹತ್ತಿಬಿಟ್ಟಿತು!

ಅಲ್ಲೇ ಇಳಿದು ಒಂದು ಬೀಡಾ ಹಾಕಿಕೊಂಡೆ. ಓಮ್ನಿಯ 796 ಸಿಸಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಅದರ ಮೇಲೆ ನಾನು. ದೂಡುವ ಗಾಲಿಗಳು ಹಿಂದೆ, ಅವುಗಳ ಮೇಲೆ ಏನೂ ಇಲ್ಲ. ಖಾಲಿ ಓಮ್ನಿ ಯಾಕೆ ಜಾರುತ್ತದೆ ಅನ್ನುವುದಕ್ಕೆ ಇಷ್ಟು ಸಾಕಲ್ವಾ? ಟೈರಿಗೆ ದುಡ್ಡು ಸುರಿದ ಮೇಲೆ ಈ ಜ್ಞಾನ ಬಂತು. ಅಳಿಯನಿಗೆ ಹೇಳಿದರೆ ನಕ್ಕ. ಅಲ್ಲಿ ಹಿಂದಿನ ಗಾಲಿ ದೂಡುವ ಗಾಡಿ ಇದ್ದವರು ಚಳಿಗಾಲ ಪೂರ್ತಿ ಡಿಕ್ಕಿಯಲ್ಲಿ ಮರಳಿನ ಚೀಲ ಇಡುತ್ತಾರಂತೆ.

ಜೂನ್ 18

ಹೊಸ ಟೈರು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿದೆ. ಹಿಂದಿನ ರಾತ್ರಿ ಒಳ್ಳೆ ಮಳೆ. ಚೀಲ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ. ಇಲ್ಲದೆ ಹೋದಾಗ ಏರಿನ ಮುಕ್ಕಾಲು ತನಕ ಬಂತು. ಮಣ್ಣಿನ ಹೆಂಟೆಗಳು ಮಡ್‌ಗಾರ್ಡಿಗೆ ದಬದಬ ಬಡಿದ ಸದ್ದು ಕೇಳಿ ಖುಷಿಯಾಯಿತು, ಬಟನ್ ಒದರುತ್ತಿದೆ ಅಂತ. ಎರಡು ಚೀಲ ಇಟ್ಟ ಮೇಲೆ ಸಲೀಸಾಗಿ ಹತ್ತಿತು. ಪಾಸು.

ಜೂನ್ 29

ಆರಿದ್ರಾ. ಐದು ದಿನದಿಂದ ಜಿಟಿಜಿಟಿ ಮಳೆ, ನಿಂತೇ ಇಲ್ಲ. ಟೈರೂ ಚೀಲವೂ ಎರಡೂ ಸೋತವು. ಏರಿಗೆ ಹೋಗುವುದಿರಲಿ, ಹಳ್ಳಕ್ಕೂ ಮುಂಚೆಯೇ ಗಾಡಿ ಕೂತಿತು. ಈಗ ಕೆಳಗೆ ಮುಟ್ಟಲು ಗಟ್ಟಿ ನೆಲವೇ ಇಲ್ಲ, ಎಷ್ಟು ಸೀಳಿದರೂ ರಾಡಿಯೇ. ಸಾಲದ್ದಕ್ಕೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಗಾಲಿಯೇ ಬಿಗಿದುಕೊಂಡಿತ್ತು. ಕುರ್ಪಿಯಿಂದ ಕೆರೆದು ಕೆರೆದು ಸಾಕಾಯಿತು.

ಹಿಮದಲ್ಲಿ ಸರಪಳಿ ಕಟ್ಟುವುದನ್ನು ನೋಡಿದ್ದೆ. ಸರಪಳಿ ಎಲ್ಲಿಂದ ತರಬೇಕು, ರಿಮ್ಮಿನ ತೂತಿನಲ್ಲಿ ತೂರಿಸಿ ಟೈರಿಗೆ ನೂಲಿನ ಹಗ್ಗ ಸುತ್ತಿದೆ. ಹತ್ತು ಮಾರು ಹೋಗುವುದರೊಳಗೆ ಹಗ್ಗ ಹರಿಯಿತು. ಹರಿದದ್ದು ಬ್ರೇಕ್ ಪೈಪಿಗೆ ಸುತ್ತಿಕೊಳ್ಳಲಿಲ್ಲ, ಪುಣ್ಯ. ಇದನ್ನು ಯಾರೂ ಮಾಡಬೇಡಿ.

ಮತ್ತೆ ಎತ್ತು. ಬಂದವರು ಏನೂ ಅನ್ನಲಿಲ್ಲ, ಸುಮ್ನೆ ನಕ್ಕರು. ಅದು ಇನ್ನೂ ಕಷ್ಟ.

ಜುಲೈ 6

ಗಟ್ಟಿ ರಸ್ತೆಯ ಲೆಕ್ಕವನ್ನೂ ಬರೆಯಬೇಕು, ನಾನು ಹೆಚ್ಚು ಓಡಿಸುವುದು ಅಲ್ಲೇ ತಾನೆ. ಬಟನ್ ಟೈರು 50 ದಾಟಿದರೆ ಗುಂಯ್ ಅನ್ನುತ್ತದೆ. ಹಸಿ ಡಾಂಬರಿನ ಮೇಲೆ ಬ್ರೇಕಿಗೆ ಸ್ವಲ್ಪ ಜಾಸ್ತಿ ಜಾಗ ಬೇಕು, ಹಾಗಾಗಿ ಲಾರಿಗಳಿಂದ ದೂರ ಇರುತ್ತೇನೆ. ಹೊಲದಿಂದ ರಸ್ತೆಗೆ ಹತ್ತುವ ಮೊದಲು ನಿಂತು ಮಣ್ಣು ಕೆರೆಯುತ್ತೇನೆ, ಇಲ್ಲದಿದ್ದರೆ ಹಿಂದೆ ಬರುವ ಬೈಕಿನವರಿಗೆ ಹೆಂಟೆ ಹಾರುತ್ತದೆ.

ಸದ್ಯದ ನಿಯಮ ಇದು: ಒಂದು ದಿನದ ಮಳೆಯಾದರೆ ಎರಡು ಚೀಲ ಇಟ್ಟುಕೊಂಡು ಹೋಗುವುದು. ಮೂರು ದಿನದ ಮಳೆಯಾದರೆ ಡಾಂಬರಿನ ಬದಿಗೇ ಗಾಡಿ ನಿಲ್ಲಿಸಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು. ಗೊಬ್ಬರ ಮುಗಿದಿದೆ, ಈಗ ಚೀಲದಲ್ಲಿ ಮರಳು.

ಪಂಚಮಿಗೆ ಅಕ್ಕ ಬರುತ್ತಾಳೆ, ಹೊಲ ನೋಡಬೇಕಂತೆ. ಮಗ ಮಾಂಟ್ರಿಯಲ್‌ನಿಂದಲೇ ಅವಳಿಗೆ ಹೇಳಿಟ್ಟಿದ್ದಾನೆ: ‘ಅವ್ವಾ, ಮಾಮಾನ ವ್ಯಾನಿನ್ಯಾಗ ನೀ ಹಿಂದ ಕೂಡು. ಒಂದು ಚೀಲ ಉಳಿತೈತಿ.’