ನ್ಯಾಚುರಲ್ ಬ್ರಿಡ್ಜ್ ರೋಡಿನ ಒಂದು ಟಿಕೆಟ್

ಕಳೆದ ನವರಾತ್ರಿಯಲ್ಲಿ ನಮ್ಮಕ್ಕನ ಮಗ ಗೊಂಬೆ ನೋಡಲು ಮನೆಗೆ ಬಂದಿದ್ದ. ಇಲ್ಲೇ, ಅಮೆರಿಕದ ಸೇಂಟ್ ಲೂಯಿಸ್‌ನ ಮಿಸ್ಸೌರಿ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಕೋಸಂಬರಿ ತಿನ್ನುತ್ತಾ ಮಾತಿನ ಮಧ್ಯೆ ಹೇಳಿದ: "ಚಿಕ್ಕಮ್ಮ, ಆಗಸ್ಟಲ್ಲಿ ಒಂದು ಸ್ಪೀಡಿಂಗ್ ಟಿಕೆಟ್ ಆಗಿತ್ತು. ಕೋರ್ಟಿನ ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡಿದೆ, ಏನೂ ಬರಲಿಲ್ಲ. ಬಿಟ್ಟುಬಿಟ್ಟಿದ್ದಾರೆ ಅನ್ಸುತ್ತೆ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಟಿಕೆಟ್ ಅಂದರೆ ಇಲ್ಲಿ ಜೋರಾಗಿ ಕಾರು ಓಡಿಸಿದ್ದಕ್ಕೆ ಪೊಲೀಸರು ಕೊಡುವ ದಂಡದ ಚೀಟಿ. ಆ ಕಾಗದ ಎಲ್ಲಿ ಅಂದೆ. ಸ್ನೇಹಿತನ ಕಾರು ಓಡಿಸುತ್ತಿದ್ದನಂತೆ, ಕಾಗದ ಆ ಕಾರಲ್ಲೇ ಉಳಿದಿತ್ತು. ಸ್ನೇಹಿತ ಕೆಲಸ ಸಿಕ್ಕಿ ಕಾರಿನ ಸಮೇತ ಡಲ್ಲಾಸ್‌ಗೆ ಹೋಗಿದ್ದ. ಅಲ್ಲಿ ಹುಡುಕಿಸಿದರೆ ಕಾಗದ ಇಲ್ಲ. ಕೋರ್ಟಿನ ತಾರೀಕು ಯಾವತ್ತು? "ಅಕ್ಟೋಬರಲ್ಲಿ, ಬುಧವಾರ ಅಂತ ನೆನಪು." ಯಾವ ಊರಿನ ಪೊಲೀಸ್? ಅದೂ ಗೊತ್ತಿಲ್ಲ.

ಬೈದು ಪ್ರಯೋಜನ ಇರಲಿಲ್ಲ. ಆದರೆ ಭಯ ಆಯಿತು. ಇಲ್ಲಿ ಕೋರ್ಟಿನ ತಾರೀಕಿಗೆ ಹೋಗದಿದ್ದರೆ ಸಣ್ಣ ದಂಡದ ಕೇಸೂ ವಾರಂಟ್ ಆಗಬಹುದು. ಅದೇ ವರ್ಷ, 2025ರ ಏಪ್ರಿಲ್‌ನಲ್ಲಿ, ಅಮೆರಿಕದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ವಲಸೆ ದಾಖಲೆಗಳನ್ನು ಸರ್ಕಾರ ಇದ್ದಕ್ಕಿದ್ದಂತೆ ರದ್ದು ಮಾಡಿ, ಆಮೇಲೆ ವಾಪಸ್ ಕೊಟ್ಟಿತ್ತು. ಬರೀ ಟ್ರಾಫಿಕ್ ಕೇಸು ಇದ್ದ ಮಕ್ಕಳೂ ಅದರಲ್ಲಿ ಸಿಕ್ಕಿಕೊಂಡಿದ್ದರು. ಅಕ್ಕನಿಗೆ ಏನಂತ ಫೋನ್ ಮಾಡಲಿ?

ಗೊಂಬೆ ನೋಡಲು ಬಂದವರಿಗೆಲ್ಲ ಅರಿಶಿನ ಕುಂಕುಮ ಕೊಟ್ಟು ಕಳಿಸಿದ ಮೇಲೆ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು.

ಮಿಸ್ಸೌರಿ ರಾಜ್ಯದ ಕೋರ್ಟು ದಾಖಲೆ ನೋಡಲು ಕೇಸ್.ನೆಟ್ ಅಂತ ಒಂದು ವೆಬ್‌ಸೈಟ್ ಇದೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಾಗಿಲ್ಲ. ಹೆಸರಿನಿಂದ ಹುಡುಕಬಹುದು, ಕೇಸ್ ನಂಬರಿನಿಂದ ಹುಡುಕಬಹುದು. 2023ರ ಜುಲೈ 1ರಿಂದ ಈಚೆಗೆ ಸಲ್ಲಿಸಿದ ಸಾರ್ವಜನಿಕ ಕಾಗದಪತ್ರಗಳನ್ನು ಮನೆಯಿಂದಲೇ ತೆರೆದು ಓದಬಹುದು. ಅದಕ್ಕೂ ಹಿಂದಿನವಕ್ಕೆ ಕೋರ್ಟಿಗೇ ಹೋಗಬೇಕು. ಒಳ್ಳೆಯ ವ್ಯವಸ್ಥೆ, ಅದರಲ್ಲಿ ಎರಡು ಮಾತಿಲ್ಲ.

ಹುಡುಗ ಹುಡುಕಿದ್ದು ಎಲ್ಲಿ ಅಂತ ನೋಡಿದೆ. ಕೋರ್ಟುಗಳ ಪಟ್ಟಿಯಲ್ಲಿ 'ಸಿಟಿ ಆಫ್ ಸೇಂಟ್ ಲೂಯಿಸ್' ಆರಿಸಿದ್ದ. ಅವನ ಮನೆಯ ವಿಳಾಸದಲ್ಲಿ ಸೇಂಟ್ ಲೂಯಿಸ್ ಅಂತ ಇದೆ, ಹಾಗಾಗಿ ಅದೇ ಇರಬೇಕು ಅಂದುಕೊಂಡಿದ್ದ. ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಮನೆಗೆ ಬರುವ ಪತ್ರದ ಮೇಲೂ ಸೇಂಟ್ ಲೂಯಿಸ್ ಅಂತಲೇ ಇರುತ್ತದೆ. ಆದರೆ ನಾವಿರುವುದು ಸಿಟಿಯಲ್ಲಿ ಅಲ್ಲ, ಕೌಂಟಿಯಲ್ಲಿ. ಪೋಸ್ಟ್ ಆಫೀಸಿಗೆ ಎರಡೂ ಒಂದೇ. ಕೋರ್ಟಿಗೆ ಬೇರೆ ಬೇರೆ.

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಬೇರೆ ಕಡೆ ಸಾಮಾನ್ಯವಾಗಿ ಊರು ಕೌಂಟಿಯ ಒಳಗಿರುತ್ತದೆ. ಇಲ್ಲಿ ಹಾಗಲ್ಲ. 1876ರಲ್ಲಿ ಮತ ಹಾಕಿ ಸಿಟಿಯನ್ನು ಕೌಂಟಿಯಿಂದ ಬೇರೆ ಮಾಡಿದರು. ಸುತ್ತಲಿನ ಹಳ್ಳಿಗಾಡಿಗೆ ನಮ್ಮ ತೆರಿಗೆ ಯಾಕೆ ಹೋಗಬೇಕು ಅನ್ನುವುದು ಆಗ ಪಟ್ಟಣದವರ ವಾದ. ಅವತ್ತು ಎಳೆದ ಗೆರೆ ಇವತ್ತಿಗೂ ಅಲ್ಲೇ ಇದೆ. ಈಗ ಕೌಂಟಿಯಲ್ಲೇ ಜನ ಜಾಸ್ತಿ, ಸುಮಾರು 10 ಲಕ್ಷ. ಸಿಟಿಯಲ್ಲಿ 3 ಲಕ್ಷಕ್ಕೂ ಕಡಿಮೆ. ಸರ್ಕಿಟ್ ಕೋರ್ಟ್ ಅಂದರೆ ನಮ್ಮ ಜಿಲ್ಲಾ ಕೋರ್ಟಿನ ಹಾಗೆ. ಸಿಟಿಯದು 22ನೇ ಸರ್ಕಿಟ್ ಕೋರ್ಟ್, ಡೌನ್‌ಟೌನ್‌ನಲ್ಲಿ ಪಿರಮಿಡ್ಡಿನಂಥ ಚಾವಣಿ ಇರುವ ಎತ್ತರದ ಕಟ್ಟಡ. ಕೌಂಟಿಯದು 21ನೇ ಸರ್ಕಿಟ್, ಅದು ಕ್ಲೇಟನ್‌ನಲ್ಲಿ. ಒಂದರ ಪಟ್ಟಿಯಲ್ಲಿ ಹುಡುಕಿದರೆ ಇನ್ನೊಂದರ ಕೇಸು ಸಿಗುವುದಿಲ್ಲ.

ಇದು ಇಲ್ಲಿಯದೇ ಸಮಸ್ಯೆ ಅಂತಲೂ ಅಲ್ಲ. ಹಿಂದೆ ನಮ್ಮ ಭಾವನ ಆನೇಕಲ್ ಸೈಟಿನ ಕೇಸನ್ನು ಭಾರತದ ಕೋರ್ಟುಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಹುಡುಕುವಾಗ ಇದೇ ಪಾಡು ಪಟ್ಟಿದ್ದೆ. ಆನೇಕಲ್ ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ. ಅಲ್ಲಿನ ಕೋರ್ಟು ಇರುವುದು ಬೆಂಗಳೂರು ಗ್ರಾಮಾಂತರದ ಪಟ್ಟಿಯಲ್ಲಿ. ಎರಡು ಸಂಜೆ ತಪ್ಪು ಜಾಗದಲ್ಲೇ ಹುಡುಕಿದ್ದೆ. ಆ ನೆನಪು ಈಗ ಕೆಲಸಕ್ಕೆ ಬಂತು.

ಮೊದಲು ಹೆಸರು ಬಿಡು, ಜಾಗ ಹೇಳು ಅಂದೆ. ನ್ಯಾಚುರಲ್ ಬ್ರಿಡ್ಜ್ ರೋಡಿನಲ್ಲಿ, ಕ್ಯಾಂಪಸ್ಸಿನಿಂದ ಏರ್‌ಪೋರ್ಟ್ ಕಡೆಗೆ ಹೋಗುವಾಗ ಅಂದ. ಕಷ್ಟ ಇರುವುದೇ ಅಲ್ಲಿ. ಈ ರಸ್ತೆ ಸಿಟಿಯಲ್ಲಿ ಶುರುವಾಗಿ ಕೌಂಟಿಗೆ ಬರುತ್ತದೆ. ಪೈನ್ ಲಾನ್, ನಾರ್ತ್‌ವುಡ್ಸ್, ನಾರ್ಮಂಡಿ, ಬೆಲ್-ನಾರ್, ಬೆಲ್-ರಿಡ್ಜ್ ಅಂತ ಪುಟ್ಟ ಪುಟ್ಟ ಊರುಗಳನ್ನು ದಾಟುತ್ತದೆ. ಕಾರಿನಲ್ಲಿ ಹೋಗುವವರಿಗೆ ಅದೆಲ್ಲ ಒಂದೇ ಬೀದಿ. ಒಂದು ಸಿಗ್ನಲ್ ದಾಟಿದರೆ ಊರು ಬದಲಾಗಿರುತ್ತದೆ, ಟಿಕೆಟ್ ಹೋಗುವ ಆ ಊರಿನ ಮುನ್ಸಿಪಲ್ ಕೋರ್ಟೂ ಬದಲಾಗಿರುತ್ತದೆ. ಸೇಂಟ್ ಲೂಯಿಸ್ ಕೌಂಟಿಯಲ್ಲಿ ಇಂಥ 80ಕ್ಕೂ ಹೆಚ್ಚು ಊರುಗಳಿವೆ.

ಅವನನ್ನು ನಿಲ್ಲಿಸಿದ್ದು ಒಂದು ಪೆಟ್ರೋಲ್ ಬಂಕಿನ ಎದುರು. ಮ್ಯಾಪ್‌ನಲ್ಲಿ ಊರುಗಳ ಗಡಿ ಹಾಕಿಕೊಂಡು ಆ ಬಂಕ್ ಹುಡುಕಿದೆವು. ಗಡಿಗೆರೆ ಅದರ ಪಕ್ಕದಲ್ಲೇ ಹಾದುಹೋಗಿತ್ತು. ಅಂದರೆ ಎರಡು ಊರು. ಅಷ್ಟೇ ಆದರೆ ಪರವಾಗಿರಲಿಲ್ಲ. ಇಲ್ಲಿ ಕೆಲವು ಊರುಗಳಿಗೆ ಸ್ವಂತ ಪೊಲೀಸ್ ಇಲ್ಲ. ಪಕ್ಕದ ಊರಿನವರೋ ಕೌಂಟಿ ಪೊಲೀಸರೋ ಗಸ್ತು ತಿರುಗುತ್ತಾರೆ. ಕೆಲವು ಊರುಗಳು ಸೇರಿ ಒಂದೇ ಕೋರ್ಟು ಇಟ್ಟುಕೊಂಡಿವೆ. ಹಾಗಾಗಿ ಪೊಲೀಸ್ ಕಾರಿನ ಮೇಲೆ ಇರುವ ಹೆಸರು ಒಂದು, ಕೋರ್ಟಿನ ಬಾಗಿಲ ಮೇಲಿನ ಹೆಸರು ಇನ್ನೊಂದು ಆಗಬಹುದು. ರಾಜ್ಯದ ಹೆದ್ದಾರಿ ಪೊಲೀಸರು ಕೊಟ್ಟ ಟಿಕೆಟ್ ಆದರೆ ಅದು ಈ ಸಣ್ಣ ಕೋರ್ಟುಗಳಿಗೆ ಬರುವುದೇ ಇಲ್ಲ, ಸರ್ಕಿಟ್ ಕೋರ್ಟಿಗೆ ಹೋಗುತ್ತದೆ.

ಕಾಗದ, ಪೆನ್ನು ತಗೊಂಡು ನಾಲ್ಕು ಕೋರ್ಟುಗಳ ಹೆಸರು ಬರೆದೆ. ಅಷ್ಟರಲ್ಲಿ ರಾತ್ರಿ ಹನ್ನೊಂದು.

ಈಗ ಹೆಸರಿನ ಸರದಿ. ಕನ್ನಡದವರು ಇದನ್ನು ಗಮನವಿಟ್ಟು ಓದಬೇಕು ಅಂತ ನನ್ನ ಆಸೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ. ಊರಿನದೊಂದು ಇನಿಷಿಯಲ್, ಅಪ್ಪನದೊಂದು ಇನಿಷಿಯಲ್, ಆಮೇಲೆ ನಮ್ಮ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ, ಅಮೆರಿಕದ ವೀಸಾದಲ್ಲಿ ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ನಮ್ಮ ಹುಡುಗನ ಲೈಸೆನ್ಸಿನಲ್ಲೂ ಹಾಗೇ ಬಂದಿದೆ. ಅವನು ಹುಡುಕಿದ್ದು ಕಾಲೇಜಿನಲ್ಲಿ ಕರೆಯುವ ಹೆಸರಿನಿಂದ. ಹೇಗೆ ಸಿಗಬೇಕು?

ಎಲ್ಲ ಕೋರ್ಟುಗಳನ್ನೂ ಒಟ್ಟಿಗೆ ಆರಿಸಿ ಒಂದೊಂದೇ ಬಗೆ ಹಾಕಿದೆವು. ಅವನ ಹೆಸರು ಕೊನೆಯ ಹೆಸರಾಗಿ. ಅಪ್ಪನ ಹೆಸರು ಕೊನೆಯ ಹೆಸರಾಗಿ. ಎರಡೂ ಸೇರಿಸಿ. ಎರಡರ ಮಧ್ಯೆ ಜಾಗ ಬಿಡದೆ. ಬಸವರಾಜು ಅನ್ನುವಂಥ ಹೆಸರಾದರೆ ಇಂಗ್ಲಿಷಿನಲ್ಲಿ ಕೊನೆಗೆ 'ಯು' ಇದೆಯಾ ಇಲ್ವಾ, ಮಧ್ಯೆ ಒಂದು 'ಎ' ಕಮ್ಮಿ ಬಿದ್ದಿದೆಯಾ ಅಂತಲೂ ನೋಡಬೇಕು. ಯಾವುದರಲ್ಲೂ ಬರಲಿಲ್ಲ.

ಹೀಗೆ ಹುಡುಕುವಾಗ ಒಂದು ಕಡೆ ನಮಗೆ ಪರಿಚಯದ ಒಬ್ಬರ ಹೆಸರು ಬಂತು. ಮನೆ ಬಾಡಿಗೆಯ ಕೇಸು. ಹುಡುಗ ಅದರ ಮೇಲೆ ಒತ್ತಲು ಹೋದ. ಬೇಡ ಅಂತ ತಡೆದೆ. ದಾಖಲೆ ಎಲ್ಲರಿಗೂ ತೆರೆದಿದೆ, ನಿಜ. ಹಾಗೆ ತೆರೆದಿರಬೇಕು ಅಂತಲೇ ನಾನೂ ನಂಬುತ್ತೇನೆ. ಆದರೆ ಅವರ ಕಷ್ಟದ ದಿನ ನಮ್ಮ ಊಟದ ಮೇಜಿನ ಮಾತಾಗಬಾರದು. ಅದು ಅವರೇ ಅಲ್ಲದಿರಬಹುದು ಕೂಡ. ಪರದೆಯ ಮೇಲೆ ಇರುವುದು ಹೆಸರು, ಹುಟ್ಟಿದ ವರ್ಷ, ವಿಳಾಸ ಇಷ್ಟೇ. ಒಂದೇ ಹೆಸರಿನವರು ಎಷ್ಟು ಜನ ಇರುತ್ತಾರೆ, ಅಲ್ವಾ? ಹೆಸರು ಹೊಂದಿದ ಮಾತ್ರಕ್ಕೆ ಮನುಷ್ಯ ಅವನೇ ಅಂತ ಯಾವತ್ತೂ ತೀರ್ಮಾನ ಮಾಡಬಾರದು.

ನಾಲ್ಕು ಕೋರ್ಟುಗಳಲ್ಲಿ ಒಂದರ ಟಿಕೆಟ್‌ಗಳು ಬೇರೆಯೇ ವೆಬ್‌ಸೈಟಿನಲ್ಲಿದ್ದವು. ಮುನ್ಸಿಪಲ್ ಕೋರ್ಟುಗಳೆಲ್ಲ ಒಂದೇ ಕಡೆ ಇಲ್ಲ ಅನ್ನುವುದು ನನಗೆ ಅವತ್ತೇ ಗೊತ್ತಾಗಿದ್ದು. ಅಲ್ಲಿಯೂ ಹುಡುಕಿದೆವು, ಸಿಗಲಿಲ್ಲ. ನದಿ ದಾಟಿದರೆ ಇನ್ನೂ ಬೇರೆ ಕಥೆ. ಮಿಸಿಸಿಪ್ಪಿಯ ಆಚೆ ದಡ ಇಲಿನಾಯ್ ರಾಜ್ಯ. ಅಲ್ಲಿ ಸೇಂಟ್ ಕ್ಲೇರ್ ಕೌಂಟಿಗೆ, ಮ್ಯಾಡಿಸನ್ ಕೌಂಟಿಗೆ ಅವರವರದೇ ದಾಖಲೆ. ಸದ್ಯ, ಹುಡುಗ ನದಿ ದಾಟಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನ ಕೈಯಲ್ಲೇ ಫೋನ್ ಮಾಡಿಸಿದೆ. ಮೊದಲನೆಯ ಕೋರ್ಟಿನಲ್ಲಿ ಇಲ್ಲ ಅಂದರು. ಎರಡನೆಯದರಲ್ಲಿ ಕ್ಲರ್ಕ್ ಒಬ್ಬರು ತುಂಬಾ ತಾಳ್ಮೆಯಿಂದ ಕೇಳಿಸಿಕೊಂಡರು. ಹುಟ್ಟಿದ ತಾರೀಕು ಕೇಳಿದರು, ಲೈಸೆನ್ಸ್ ನಂಬರ್ ಕೇಳಿದರು. ಸ್ವಲ್ಪ ಹೊತ್ತು ಟೈಪ್ ಮಾಡುವ ಸದ್ದು. ಆಮೇಲೆ, "ಸಿಕ್ಕಿತು, 'ಎಫ್' ಅಕ್ಷರದಲ್ಲಿದೆ" ಅಂದರು. 'ಎಫ್‌ಎನ್‌ಯು' ಅನ್ನುವುದೇ ಕೊನೆಯ ಹೆಸರು ಅಂದುಕೊಂಡು ಯಾರೋ ದಾಖಲಿಸಿದ್ದರು. ಹಿಯರಿಂಗ್‌ಗೆ ಇನ್ನು ಒಂಬತ್ತೇ ದಿನ ಇತ್ತು.

2014ರಲ್ಲಿ ಇದೇ ಕೌಂಟಿಯ ಫರ್ಗುಸನ್ ಊರಿನಲ್ಲಿ ಮೈಕೆಲ್ ಬ್ರೌನ್ ಅನ್ನುವ ಹುಡುಗ ಪೊಲೀಸರ ಗುಂಡಿಗೆ ಸತ್ತಾಗ ನಾನು ಇಲ್ಲಿಗೆ ಬಂದು ಎರಡು ವರ್ಷ ಆಗಿತ್ತು. ಮುಂದಿನ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯ ವರದಿ ಬಂತು. ಆ ಊರಿನ ಪೊಲೀಸರೂ ಕೋರ್ಟೂ ದಂಡವನ್ನು ಆದಾಯದ ದಾರಿ ಮಾಡಿಕೊಂಡಿದ್ದಾರೆ, ಅದರ ಹೊರೆ ಬಿದ್ದಿದ್ದು ಕಪ್ಪು ಜನರ ಮೇಲೆ ಅಂತ ಅದರಲ್ಲಿತ್ತು. ಊರಿನ ವರಮಾನದಲ್ಲಿ ಟ್ರಾಫಿಕ್ ದಂಡದ ಪಾಲು ಇಷ್ಟಕ್ಕಿಂತ ಜಾಸ್ತಿ ಇರಬಾರದು ಅನ್ನುವ ಮಿತಿಯನ್ನು ರಾಜ್ಯ 2015ರಲ್ಲಿ ಇನ್ನೂ ಬಿಗಿ ಮಾಡಿತು. ಆಗ ಪೇಪರಿನಲ್ಲಿ ಓದಿದ್ದೆ, ಅಷ್ಟೇ. ಒಂದು ಕೋರ್ಟಿನ ತಾರೀಕು ತಪ್ಪಿ ವಾರಂಟ್, ಅದರಿಂದ ಜೈಲು, ಅದರಿಂದ ಕೆಲಸ ಹೋಗುವುದು. ಒಬ್ಬ ಮನುಷ್ಯನಿಗೆ ಇದು ಹೇಗೆ ಆಗುತ್ತದೆ ಅಂತ ಅರ್ಥವಾಗಿದ್ದು ಈ ಒಂಬತ್ತು ದಿನದಲ್ಲಿ. ನಮಗೆ ಲ್ಯಾಪ್‌ಟಾಪ್ ಇತ್ತು, ಇಂಗ್ಲಿಷ್ ಇತ್ತು, ಸೋಮವಾರ ಬೆಳಿಗ್ಗೆ ಫೋನ್ ಮಾಡಲು ಬಿಡುವಿತ್ತು. ಆದರೂ ಇಷ್ಟು ಹುಡುಕಬೇಕಾಯಿತು.

ಬುಧವಾರ ಸಂಜೆ ಆರು ಗಂಟೆಗೆ ಜೊತೆಗೆ ನಾನೂ ಹೋದೆ. ಸಿಟಿ ಹಾಲ್‌ನಲ್ಲೇ ಕೋರ್ಟು, ಮಡಚುವ ಕುರ್ಚಿಗಳು. ನಮ್ಮ ಮುಂದೆ ಸಾಲಿನಲ್ಲಿ ನಿಂತ ಹೆಂಗಸಿನ ಕೈಯಲ್ಲಿ ಮೂರು ಟಿಕೆಟ್‌ಗಳಿದ್ದವು, ಮೂರೂ ಬೇರೆ ಬೇರೆ ಊರಿನವು. ಯಾವುದು ಇಲ್ಲಿಯದು ಅಂತ ಅವರು ನನ್ನನ್ನೇ ಕೇಳಿದರು. ಕಾಗದದ ಮೇಲೆ ಕೋರ್ಟಿನ ಹೆಸರು ಇರುವ ಜಾಗ ತೋರಿಸಿದೆ. ಒಂದು ಇಲ್ಲಿಯದು, ಇನ್ನೊಂದರ ತಾರೀಕು ಮಾರನೆಯ ದಿನ. ಮೂರನೆಯದರ ತಾರೀಕು ಹಿಂದಿನ ವಾರವೇ ಮುಗಿದಿತ್ತು. ನಾಳೆ ಬೆಳಿಗ್ಗೆಯೇ ಆ ಕ್ಲರ್ಕ್‌ಗೆ ಫೋನ್ ಮಾಡಿ ಅಂತ ಹೇಳಿ, ನಂಬರ್ ಹುಡುಕಿ ಬರೆದುಕೊಟ್ಟೆ.

ನಮ್ಮ ಹುಡುಗನದು ದಂಡ ಕಟ್ಟಿ ಮುಗಿಯಿತು. ಹೊರಡುವ ಮುಂಚೆ ಅವನು ಕಿಟಕಿಯ ಹತ್ತಿರ ಹೋಗಿ, ದಾಖಲೆಯಲ್ಲಿ ಹೆಸರು ಸರಿ ಮಾಡಿಕೊಡಿ ಅಂತ ಕೇಳಿದ. ಫೋನಿನಲ್ಲಿ ಮಾತಾಡಿದ್ದ ಕ್ಲರ್ಕ್ ಅವರೇ ಇದ್ದರು. ಪರದೆಯನ್ನು ಅವನ ಕಡೆ ತಿರುಗಿಸಿದರು. ಅವನು ಲೈಸೆನ್ಸ್ ಕೈಯಲ್ಲಿ ಹಿಡಿದು ಒಂದೊಂದೇ ಅಕ್ಷರ ಹೇಳಿದ, ಅವರು ಒಂದೊಂದೇ ಅಕ್ಷರ ಹಾಕಿದರು.